ಸೆರಗಿನ ಗಂಟು

ನೆಲ್ಸನ್ ಬೇಯಲ್ಲಿ ಇವತ್ತು ಇಳಿತ, ಬೆಳಗಿನ ಆರೂ ನಲವತ್ತಕ್ಕೆ.
ನೋಯೆಲ್ ಪ್ರಿಚರ್ಡನಿಗೆ ಎಪ್ಪತ್ತೊಂದು
(ಈ ಊರಲ್ಲಿ ಎಲ್ಲರೂ ಏಕವಚನ),
ಮೊದಲು ಮಾಂಸದಂಗಡಿ ಇಟ್ಟಿದ್ದವನು,
ಈಗ ಮೊಣಕಾಲುದ್ದದ ನೀರಲ್ಲಿ ಬಗ್ಗಿ
ಸ್ಲೇಟಿನ ಮೇಲೆ ಗೆರೆ ಎಳೆಯುತ್ತಾನೆ:
ಒಂದು, ಎರಡು, ನಾಲ್ಕು, ಅಡ್ಡಗೆರೆ.
ಎಣಿಸುವುದು
ಮನೆ ಬಿಟ್ಟ ಕಡಲ ಬಸವನಹುಳುಗಳನ್ನು.

ಬಾ, ಇಲ್ಲೊಂದಿದೆ, ಅಂದ.
ನನ್ನ ಹೆಬ್ಬೆರಳಿಗಿಂತ ಚಿಕ್ಕದು.
ಬಿಳಿ ಮೈ, ಮೈತುಂಬ ಕೆಂಪು ಬೊಟ್ಟು,
ಸುತ್ತ ಹಳದಿ ಅಂಚು.
ಯಾರದೋ ಮದುವೆಗೆಂದು ಉಟ್ಟು ಹೊರಟು
ಬೂದುಬಂಡೆಯ ಮೇಲೆ ದಾರಿ ತಪ್ಪಿದ ಹಾಗೆ.

ಚಿಪ್ಪಿಲ್ಲ,
ಅದನ್ನು ಮುತ್ತಜ್ಜಿಯ ಮುತ್ತಜ್ಜಿಯೇ ಕಳಚಿಟ್ಟಳು.
ಓಟವಿಲ್ಲ.
ಎರಡು ಕೊಂಬಿವೆ, ಹಾಯಲಿಕ್ಕಲ್ಲ, ಮೂಸಲಿಕ್ಕೆ.
ಮತ್ತೆ ಕಾವಲು ಯಾವುದು ಇದಕ್ಕೆ?
ನೋಯೆಲ್ ಮೂಗು ಒರೆಸಿಕೊಂಡು ಹೇಳಿದ: ರುಚಿ.

ಬಂಡೆಯಡಿ ಸ್ಪಂಜು ಇದೆ,
ಹುಟ್ಟಿದಲ್ಲಿಂದ ಅಲುಗದ್ದು.
ಓಡಲಾರದ್ದಕ್ಕೆ ನಂಜೇ ಬೇಲಿ.
ಮೀನು ಮೂಸಿ ಬಿಡುವ ಆ ನಂಜನ್ನು
ಇದು ಗಂಜಿಯ ಹಾಗೆ ಉಣ್ಣುತ್ತದೆ, ಬೆಳಗಿಂದ ಸಂಜೆ.
ಅರಗಿದ್ದು ಅರಗಿತು. ಅರಗದ್ದನ್ನು ಎಸೆಯದೆ
ಮೈಯೊಳಗೇ ಸಾಗಿಸಿ, ಅಂಚಿಗೆ ಒಯ್ದು
ಚಿಕ್ಕ ಚಿಕ್ಕ ಗಂಟು ಹಾಕಿಡುತ್ತದೆ,
ಸೆರಗಿನ ತುದಿಯಲ್ಲಿ ಚಿಲ್ಲರೆ ಕಟ್ಟಿಟ್ಟ ಹಾಗೆ,
ಬೇಕಾದಾಗ ಕೈಗೆ ಸಿಗಲಿ ಅಂತ.

ನಂಜುಂಡನ ಕತೆ ನನಗೂ ಗೊತ್ತು.
ಕತ್ತಲ್ಲಿ ತಡೆದ, ನೀಲಿಯಾದ, ಲೋಕ ಕೈಮುಗಿಯಿತು.
ಇದಕ್ಕೆ ಯಾರೂ ಮುಗಿದಿಲ್ಲ, ಮುಗಿಯಬೇಕಾಗಿಯೂ ಇಲ್ಲ.
ಲೋಕಕ್ಕೆಂದು ಉಂಡದ್ದಲ್ಲ ಅದು,
ತನ್ನ ಬೆನ್ನಿಗೆಂದು.

ಅಷ್ಟರಲ್ಲಿ ಬಂತೊಂದು ಪಟ್ಟೆಮೀನು,
ಎಳೆಯದು, ಈ ಕೇರಿಗೆ ಹೊಸದಿರಬೇಕು,
ಗಬಕ್ಕನೆ ನುಂಗಿತು.
ಉಸಿರು ಹಿಡಿದು ಎಣಿಸಿದೆ. ಒಂದು. ಎರಡು.

ಥೂ!

ಹುಳು ಪಲ್ಟಿ ಹೊಡೆದು ಮರಳಿಗೆ ಬಿತ್ತು.
ಮೀನು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು,
ಸುಣ್ಣ ಹೆಚ್ಚಾದ ವೀಳ್ಯ ಜಗಿದವನ ಹಾಗೆ
ಅತ್ತ ಇತ್ತ ಒದ್ದಾಡಿ ಹೊರಟುಹೋಯಿತು.
ಇನ್ನು ಜನ್ಮದಲ್ಲಿ ಕೆಂಪು ಬೊಟ್ಟು ಕಂಡರೆ
ಪಕ್ಕಕ್ಕೆ ಸರಿದೀತು.
ಹುಳು ಅರ್ಧ ನಿಮಿಷ ಮುದುಡಿಕೊಂಡಿತ್ತು.
ಆಮೇಲೆ ಒಂದು ಕೊಂಬು. ಇನ್ನೊಂದು.
ಎಲ್ಲಿಗೆ ಹೊರಟಿತ್ತೋ ಅಲ್ಲಿಗೇ ಹೊರಟಿತು.

ಒಂದು ಸಲ ನಾಲಿಗೆ ತಾಕಿಸಿದ್ದೆ, ಅಂದ ನೋಯೆಲ್.
ಬೆರಿಲ್ ಇದ್ದಳು ಆಗ.
ಮೂರು ದಿನ ಅವಳ ಕುರಿಸಾರು ಬರೀ ಸಾಬೂನು.
ನಾಲ್ಕನೆಯ ದಿನವೂ ಹಾಗೇ ಅಂದಾಗ
ತಟ್ಟೆ ಎತ್ತಿಕೊಂಡು ಹೇಳಿದಳು,
ಪಾಪದ ಹುಳುವನ್ನು ಇನ್ನು ಬಿಟ್ಟುಬಿಡು ಅಂತ.

ಅವನು ನಕ್ಕ. ನಾನೂ ನಕ್ಕೆ.
ನೆನಪಾದದ್ದು ಮಾತ್ರ ಬೇರೆ.
ನನ್ನ ತಮ್ಮ ಕಪನಯ್ಯನಿಗೆ ಎರಡೂವರೆ ವರ್ಷ.
ಹಾಲು ಬಿಡಿಸಲು
ಅಮ್ಮ ಬೇವು ಅರೆದು ಎದೆಗೆ ಹಚ್ಚಿಕೊಂಡ ಮಧ್ಯಾಹ್ನ.
ಬಂದ, ಬಾಯಿಟ್ಟ, ಥೂ ಅಂದ.
ಮತ್ತೆ ಬಂದ.
ನಂಬಲಾಗದೆ ಅವಳ ಮುಖ ನೋಡಿದ.
ಗೋಡೆಗೆ ತಿರುಗಿ ಕೂತಳು ಅಮ್ಮ,
ಬೆರಳಿನ ಹಸಿರನ್ನು ಸೆರಗಿಗೆ ಒರೆಸುತ್ತಾ,
ಒರೆಸಿದ್ದನ್ನೇ ಒರೆಸುತ್ತಾ.
ಕಹಿ ಯಾರ ಬಾಯಿಗೆ ಹತ್ತಿತ್ತು,
ನನಗೆ ಆಗ ಆರು ವರ್ಷ, ತಿಳಿಯಲಿಲ್ಲ.

ನೀರು ಏರತೊಡಗಿತು. ಹೊರಡುವಾಗ
ಬಂಡೆಯ ಮಗ್ಗುಲಲ್ಲಿ ಸುರುಳಿ ಸುತ್ತಿದ ರಿಬ್ಬನ್ ತೋರಿಸಿದ.
ಮೊಟ್ಟೆ, ಸಾವಿರಗಟ್ಟಲೆ,
ತಾಯಿ ತಂದೆ ಎರಡೂ ಆದ ಒಂದು ಹುಳು ಇಟ್ಟದ್ದು.
ಕೆಲವು ಜಾತಿ ಇದಕ್ಕೂ ಒಂದಿಷ್ಟು ನಂಜು ಕೊಟ್ಟು ಹೋಗುತ್ತವೆ, ಅಂದ.
ಕೊಡದೆ ಇರುತ್ತವೆಯೇ.
ಗಂಟು ಬಿಚ್ಚಿ, ಹೊರಟ ಮಗುವಿನ ಅಂಗೈಗೆ ಚಿಲ್ಲರೆ ಇಟ್ಟು
ಬೆರಳು ಒಂದೊಂದಾಗಿ ಮಡಿಸಿ,
ಹೋಗು, ಅಂದ ಹಾಗೆ.

ಸ್ಲೇಟಿನ ಮೇಲೆ ಹದಿನೇಳು ಗೆರೆ.
ಉಗುಳಿಸಿಕೊಂಡದ್ದನ್ನೂ ಸೇರಿಸಿದೆಯಾ, ಕೇಳಿದೆ.
ಬೂಟಿನ ನೀರು ಸುರಿಯುತ್ತಾ ಹೇಳಿದ:
ಅದನ್ನೇ ಮೊದಲು.