ಷರಾ

ಜಿಲ್ಲಾ ಕಚೇರಿಯಿಂದ ಬಂದ ನಮೂನೆಯಲ್ಲಿ ಐದು ಕಾಲಮ್ಮು.
ದಿನಾಂಕ. ಕಾರ್ಯಕ್ರಮದ ಹೆಸರು. ಹಾಜರಿದ್ದವರು. ಖರ್ಚು.
ಕೊನೆಗೆ ಬೆರಳಗಲದ ಜಾಗ, ಷರಾ.

ದಿನಾಂಕ ಸುಲಭ. ಬುಧವಾರ.
ಖರ್ಚು ಇನ್ನೂ ಸುಲಭ: ಚುರುಮುರಿ, ಅರವತ್ತು ರೂಪಾಯಿ,
ಅದೂ ನನ್ನ ಪರ್ಸಿನಿಂದ.
ಹೆಸರು ಏನಂತ ಬರೆಯಲಿ?
ಗೋಡೆಯ ಹಾಳೆಯಲ್ಲಿ 'ಓದುವ ಬಳಗ, ಸಂಜೆ ಐದಕ್ಕೆ' ಎಂದಿದೆ.
ಐದಕ್ಕೆ ಯಾರೂ ಬರುವುದಿಲ್ಲ.
ಕರೆಂಟು ಹೋದಾಗ ಬರುತ್ತಾರೆ.

ಬೆಟಗೇರಿಯ ಈ ಓಣಿಯಲ್ಲಿ ಕರೆಂಟು ಹೋದರೆ
ಮೊದಲು ಹೋಗುವುದು ಬೆಳಕಲ್ಲ, ಸದ್ದು.
ಎಡಮನೆಯ ಎಂಟು ಮಗ್ಗ, ಬಲಮನೆಯ ನಾಲ್ಕು,
ಹಿಂದಿನ ತಗಡಿನ ಶೆಡ್ಡಿನವು, ಎಲ್ಲ ಒಮ್ಮೆಗೇ
ಬಾಯಿ ಮುಚ್ಚುತ್ತವೆ.
ಆಗ ಮಾತ್ರ ನನ್ನ ಮೇಜಿನ ಹಿಂದಿನ 'ನಿಶ್ಶಬ್ದ' ಎಂಬ ಬೋರ್ಡು
ನಿಜ ಹೇಳುತ್ತದೆ.
ಆಗಲೇ ಅವರು ಬರುವುದು,
ಹತ್ತಿಯ ನವಿರು ಹುಬ್ಬಿಗೆ ಅಂಟಿಕೊಂಡು,
ಚಪ್ಪಲಿ ಹೊರಗ ಬಿಡಬೇಕೋ ಬ್ಯಾಡೋ ಎಂದು
ಹೊಸಿಲಲ್ಲಿ ನಿಂತು.

ಕಿವಿ ಮಂದ ಎಲ್ಲರಿಗೂ. ಕೂಗಿ ಓದಬೇಕು.
ಗ್ರಂಥಾಲಯದಲ್ಲಿ ಕೂಗುವುದಕ್ಕೆ ಸಂಬಳ ತಗೊಳ್ಳುವವಳು
ಜಿಲ್ಲೆಗೆಲ್ಲ ನಾನೊಬ್ಬಳೇ ಇರಬೇಕು.

ಮೊದಲು ಪುಸ್ತಕವಲ್ಲ, ಕಾಗದ.
ವಿಷ್ಣುಸಾ ಒಳಜೇಬಿನಿಂದ ತೆಗೆದ,
ಬೆವರಿಗೆ ಮೆತ್ತಗಾದ, ಹೆಂಡತಿಯ ದವಾಖಾನೆ ಚೀಟಿ.
'ಡಾಕ್ಟರು ಹೇಳಿದ್ರು. ಹೂಂ ಅಂದ್ನಿ. ಏನ್ ಹೇಳಿದ್ರೋ.'
ಇದನ್ನು ಕೂಗಿ ಓದಲಾರೆ.
ಅವನ ಕಿವಿಗೆ ಬಾಯಿಟ್ಟು ಓದಿದೆ:
ಉಪ್ಪು ಕಡಿಮೆ. ಗುಳಿಗಿ ಎರಡು ಹೊತ್ತು.
ಹದಿನೈದು ದಿನಕ್ಕೆ ಮತ್ತೆ ತೋರಿಸಬೇಕು.
ಇವತ್ತಿಗೆ ಇಪ್ಪತ್ತೆರಡು.
ಚೀಟಿಯನ್ನು ಹಳೆಯ ಮಡಿಕೆಗಳಲ್ಲೇ ಮಡಿಚಿ
ಚುರುಮುರಿ ಮುಟ್ಟದೆ ಎದ್ದುಹೋದ.
ಅವನನ್ನು ಹಾಜರಿಯಲ್ಲಿ ಹಿಡಿಯಬೇಕೋ?

ತುಳಜಾಬಾಯಿಗೆ ಅರವತ್ತಮೂರು.
ಹೋದ ಬೇಸಿಗೆಯಿಂದ ಅಕ್ಷರ ಕಲಿಯುತ್ತಿದ್ದಾಳೆ.
ಸಾಲಿನ ಕೆಳಗೆ ಬೆರಳು ಓಡಿಸುತ್ತಾಳೆ,
ಹಾಸಿನಲ್ಲಿ ಕಡಿದ ಎಳೆ ಹುಡುಕುವ ಹಾಗೆ.
ಒತ್ತಕ್ಷರ ಬಂದಲ್ಲಿ ನಿಂತು, ಉಗುರಿನಿಂದ ಕೆದರಿ, ಮುಂದಕ್ಕೆ.
'ಗಂಟ ಬಿಡಸೂದು ನನಗ ಹೊಸಾದೇನಲ್ಲ ಬಿಡವಾ.'

ಈ ವಾರದ ಕತೆ ಅವಳೇ ಆರಿಸಿದ್ದು.
ಕೊನೆಯ ಎರಡು ಹಾಳೆ ಇಲ್ಲ.
ಯಾರು ಹರಿದು ಏನು ಕಟ್ಟಿಕೊಂಡು ಹೋದರೋ.
ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು, ಕಾಲ ಹತ್ತಿರ ಟ್ರಂಕು,
ಬಸ್ಸು ಬಂದು ನಿಂತಿದೆ.
ಮುಂದೆ ಬರೀ ಹೊಲಿಗೆಯ ದಾರ.

ಮುಚ್ಚಲು ಹೋದೆ, ಬಿಡಲಿಲ್ಲ.
'ಮನಿಗೇ ಹೊಳ್ಳಿ ಹೋಗ್ತಾಳ' ಎಂದ ಮೌನೇಶ,
'ಗಂಡ ಕರಿಯಾಕ ಬರ್ತಾನ.'
'ಬರೂದಿಲ್ಲ.'
'ನಿನಗ ಹ್ಯಾಂಗ ಗೊತ್ತು?'
'ಬರಾಂವಾ ಇಷ್ಟೊತ್ತಿಗೆ ಬರ್ತಿದ್ದ.'
ಹದಿಮೂರು ಜನ, ಕಾಗದದ ಮೇಲಿನ ಒಬ್ಬ ಹೆಂಗಸಿಗಾಗಿ
ನೆತ್ತಿಯ ನರ ಉಬ್ಬುವಷ್ಟು ಜಗಳ.
ಕೊನೆಗೆ ತುಳಜಾಬಾಯಿ:
'ಬಸ್ ಹತ್ತತಾಳ. ಕಿಡಕಿ ಬಾಜೂಕ ಕುಂದರ್ತಾಳ.
ಮುಂದಿಂದು ಆಕಿಗೂ ಗೊತ್ತಿಲ್ಲ. ಬರಕೋ.'

ಬರಕೋ ಎಂದದ್ದು ಶಮೀಮಳಿಗೆ. ಏಳನೇತ್ತೆಯ ಹುಡುಗಿ,
ಪೆನ್ಸಿಲ್ ಇದ್ದದ್ದು ಅವಳೊಬ್ಬಳ ಹತ್ತಿರ.
ಹಿಂದಿನ ರಟ್ಟಿನ ಒಳಗೆ ಬರೆದಳು,
'ಪುಸ್ತಕದಲ್ಲಿ ಗೀಚಬಾರದು' ಎಂದು
ನಾನೇ ಅಂಟಿಸಿದ ಚೀಟಿಯ ಕೆಳಗೇ.
ನಾನು ಆಗ ಕಿಟಕಿಯ ಕಡೆ ನೋಡುತ್ತಿದ್ದೆ.

ಅವಳು ಮುಗಿಸುವ ಮೊದಲೇ ಕರೆಂಟು ಬಂತು.
ಫ್ಯಾನು ತಿರುಗಿತು, ಆಮೇಲೆ ಓಣಿ.
ಎದ್ದರು. ಯಾರಿಗೂ ಹೋಗಿಬರುತ್ತೇನೆ ಎನ್ನುವಷ್ಟು ಪುರಸೊತ್ತಿಲ್ಲ.
ಚುರುಮುರಿ ಕಟ್ಟಿದ ಹಾಳೆಗಳು ಉಳಿದವು,
ಶಮೀಮ ಅವನ್ನೂ ಬಿಡಿಸಿ ಓದುತ್ತ ಕೂತಳು.

ಈಗ ನಮೂನೆ ತುಂಬುತ್ತಿದ್ದೇನೆ.
ಹಾಜರಿದ್ದವರು: ಹದಿನಾಲ್ಕು, ವಿಷ್ಣುಸಾನನ್ನು ಹಿಡಿದೇ.
ಷರಾ: 'ಒಂದು ಪುಸ್ತಕ ಪೂರ್ತಿಯಾಯಿತು' ಎಂದು ಬರೆದೆ,
ಹೊಡೆದುಹಾಕಿದೆ. ಲೆಕ್ಕ ತಪಾಸಣೆಯವರು ಕೇಳಿಯಾರು.
ಮುಂದಿನ ಬುಧವಾರವೂ ಕರೆಂಟು ಹೋಗಲಿ
ಎಂದು ಪೆನ್ನಿನ ತುದಿಗೆ ಬಂತು.
ನಾಚಿಕೆಯಾಯಿತು.
ಮಗ್ಗ ನಿಂತ ತಾಸಿಗೆ ಅವರಿಗೆ ಕೂಲಿಯಿಲ್ಲ.
ನನ್ನ ಬಳಗ ಅವರ ನಷ್ಟದಲ್ಲಿ ಕೂಡುತ್ತದೆ.

ಬೆರಳಗಲದಲ್ಲಿ ಸಣ್ಣಕ್ಷರದಲ್ಲಿ ಇಷ್ಟು ಬರೆದೆ:
ಅಮಾವಾಸ್ಯೆಗೆ ಮಗ್ಗಗಳಿಗೆ ರಜೆ.
ಅವತ್ತು ಬಾಗಿಲು ತೆರೆಯಲು ಅಪ್ಪಣೆ ಬೇಕು.
ಪೆನ್ಸಿಲ್, ಒಂದು ಡಜನ್.