ಹೆಸರಿನೊಳಗಿನ ಗಾಳಿ

ಕೂತುಕೋ ಅತ್ತಿಗೆ. ಆ ಕುರ್ಚಿ ಬೇಡ, ಅಲುಗಾಡುತ್ತದೆ.
ಮೇಣದಬತ್ತಿ ಹಚ್ಚಿದ್ದು ಕರೆಂಟು ಹೋಗಿದ್ದಕ್ಕಲ್ಲ,
ನಿನ್ನ ತಕಾರಕ್ಕೆ.
ಬಾಯಿಗೆ ಒಂದು ಗೇಣು ದೂರ ಹಿಡಿ. ಹೇಳು:
ತು. ತೆ. ತಾವೊಲಾ.
ನೋಡು, ಆರಿಯೇ ಹೋಯಿತು!
ನಿಮ್ಮ ಕಡೆಯವರು ಮಾತಾಡುತ್ತೀರೋ
ಒಲೆ ಊದುತ್ತೀರೋ?

ನಾಲಿಗೆಯ ತುದಿ ಅಂಗುಳಿಗೆ ಏರಬಾರದು,
ಹಲ್ಲಿನ ಹಿಂದಕ್ಕೆ ಬರಬೇಕು,
ಬೆಕ್ಕು ಹಾಲಿನ ಬಟ್ಟಲಿಗೆ ಬಂದ ಹಾಗೆ.
ಉಸಿರು ಒಳಗೇ ಇರಲಿ.
ನಮ್ಮ ವಯಸ್ಸಿನಲ್ಲಿ ಅದು ದುಬಾರಿ.

ಮೊನ್ನೆ ಸಂತೆಯಲ್ಲಿ ದೊನಾತೊನ ಅಂಗಡಿ ಮುಂದೆ ನಿಂತು
ಕರಿ ಟೊಪ್ಪಿ ಕೇಳಲು ಹೋಗಿ
ಕಪೆಲ್ಲೊ, ಕಪೆಲ್ಲೊ ಎಂದೆಯಂತೆ.
ಅವನು ತನ್ನ ಟೊಪ್ಪಿ ತೆಗೆದು
ಬೋಳು ತಲೆ ಬಗ್ಗಿಸಿ ತೋರಿಸಿ
‘ಕರಿಕೂದಲು ಒಂದೇ ಒಂದು ಇದ್ದಿದ್ದರೂ
ನಾನೇ ಇಟ್ಟುಕೊಳ್ಳುತ್ತಿದ್ದೆ, ತಾಯಿ’ ಎಂದನಂತೆ.
ಇಡೀ ಸಂತೆ ನಕ್ಕಿತು. ನೀನೂ ನಕ್ಕೆಯಂತೆ.
ಒಳ್ಳೆಯದೇ ಆಯಿತು. ನವೆಂಬರಿನಿಂದ ಈಚೆಗೆ
ನಿನ್ನ ಹಲ್ಲು ಕಂಡವರಿರಲಿಲ್ಲ.

ಕೂದಲಿಗೂ ಟೊಪ್ಪಿಗೂ ನಡುವೆ ಇರುವುದು
ಒಂದು ಒತ್ತು, ಅಷ್ಟೇ.
ಕಪ್. ನಿಲ್ಲು. ಪೆಲ್ಲೊ.
ಬಾಯಾರಿಕೆ ಎಂದರೆ ಸೇತೆ.
ಏಳು ಎಂದರೆ ಸೆತ್. ನಿಲ್ಲು. ತೆ.
ನಿಲ್ಲದೆ ಹೋದರೆ ಏಳು ಮೊಟ್ಟೆ ಕೇಳಿದವಳಿಗೆ
ನೀರು ತಂದುಕೊಡುತ್ತಾರೆ.

ಒತ್ತು ಎಂದರೆ ಎರಡು ಸಲ ಹೇಳುವುದಲ್ಲ,
ಜೋರಾಗಿ ಹೇಳುವುದೂ ಅಲ್ಲ.
ಹೊರಟವನು ಹೊಸ್ತಿಲ ಮೇಲೆ ಒಂದು ಕಾಲಿಟ್ಟು
ತಿರುಗಿ ಅಡುಗೆಮನೆ ನೋಡುತ್ತಾನಲ್ಲ,
ಅಷ್ಟು ಹೊತ್ತು.
ನಾನು ಕಂಡಿದ್ದೇನೆ. ನನಗಾಗ ಹನ್ನೊಂದು.
ಬೆಡ್‌ಫರ್ಡಿನ ಇಟ್ಟಿಗೆ ಭಟ್ಟಿಗೆ ಆಳು ಬೇಕೆಂದು
ಪಾದ್ರಿ ಚೀಟಿ ಓದಿದ ವಾರ ಅದು.
ಅಮ್ಮ ಅವನ ಕೋಟಿನ ಜೇಬಿಗೆ
ಅಕ್ರೋಟು ತುರುಕುತ್ತಲೇ ಇದ್ದಳು.
ಬಸ್ಸು ಹೊರಟಾಗ ಹೆಸರು ಹಿಡಿದು ಕೂಗಿದಳು.
ಮೊದಲರ್ಧ ಅವನಿಗೆ ಕೇಳಿಸಿರಬೇಕು.

ರಕಾರ ಇವತ್ತಿಗೆ ಬೇಡ.
ನಿನ್ನ ರ ಎಲ್ಲಿಗೂ ತಾಗುವುದಿಲ್ಲ,
ಕೋಟು ಬಿಚ್ಚದೆ ಎದ್ದುಹೋಗುವ ನೆಂಟರಂತೆ.
ಞಕಾರವೂ ಬೇಡ. ನೀನು ನೋಕಿ, ನೋಕಿ ಎಂದರೂ
ನಾನು ಞೊಕ್ಕಿಯನ್ನೇ ಬಡಿಸುತ್ತೇನೆ.

ಅವನ ಹೆಸರು ಹೇಳು.
ಎಠೊರಿ.
ಅಯ್ಯೋ ಮೇವಿಸ್, ಮೂವತ್ತೆಂಟು ವರ್ಷದ ಸಂಸಾರ!
ಎತ್. ನಾಲಿಗೆಯನ್ನು ಹಲ್ಲಿಗೆ ಒತ್ತು. ಉಸಿರು ಕಟ್ಟು.
ಹೂಂ, ಅಲ್ಲೇ. ಹೆದರಬೇಡ.
ಅಲ್ಲಿ ಏನೂ ಇರುವುದಿಲ್ಲ,
ಆ ಇಲ್ಲದ್ದನ್ನೇ ಹಿಡಿದುಕೊಂಡಿರಬೇಕು.
ಈಗ ಬಿಡು, ನೀರು ಬಿಟ್ಟ ಹಾಗೆ:
ತೊರೆ.

ಎತ್ತೊರೆ.

ಬತ್ತಿ ಅಲುಗಲಿಲ್ಲ.
ಅಮ್ಮ ಕರೆದ ಹಾಗೇ ಇತ್ತು.
ನೀನೇಕೆ ಮುಖ ತಿರುಗಿಸಿದೆ?
ಏನೆಂದೆ? ಇವನು ಬೇರೆ ಯಾರೋ ಎಂದೆಯಾ?

ಇದನ್ನು ನಿನಗೆ ಹೇಳಿರಲಿಲ್ಲ.
ಮದುವೆಯ ವರ್ಷ ಒಂದು ಕಾಗದ ಬಂದಿತ್ತು:
‘ಇಲ್ಲೊಬ್ಬಳು ನನ್ನ ಹೆಸರಿನೊಳಗೆ ಗಾಳಿ ಊದುತ್ತಾಳೆ.
ಮೈಮೇಲಿನ ಭಟ್ಟಿಯ ಧೂಳು ಹಾರಿಹೋಗುತ್ತದೆ.
ತಿದ್ದಬೇಕು ಅನಿಸುವುದಿಲ್ಲ.’
ಅಮ್ಮ ಅದನ್ನು ಮಡಚಿ ಹಿಟ್ಟಿನ ಡಬ್ಬಿಯಲ್ಲಿಟ್ಟಳು,
ಮೂರು ದಿನ ಯಾರೊಡನೆಯೂ ಮಾತಾಡಲಿಲ್ಲ.

ನಾಳೆ ಸ್ಮಶಾನದಲ್ಲಿ
ಒಂದು ಸಲ ಸರಿಯಾಗಿ ಹೇಳಿಬಿಡು.
ಅಮ್ಮ ಪಕ್ಕದಲ್ಲೇ ಮಲಗಿದ್ದಾಳೆ, ಅವಳ ಕಿವಿ ಚುರುಕು.
ಆಮೇಲೆ ನಾನು ಹೂದಾನಿಗೆ ನೀರು ಹಿಡಿಯಲು ಹೋಗುತ್ತೇನೆ.
ಅಲ್ಲಿನ ನಲ್ಲಿ ಸಣ್ಣ, ತುಂಬಲು ಹೊತ್ತು ಬೇಕು.
ಆಗ ನೀನು ನಿನ್ನ ಹಾಗೆ ಕರೆ.
ದೀಪ ಆರಿದರೆ ಆರಲಿ,
ಬೆಂಕಿಪೊಟ್ಟಣ ನನ್ನ ಚೀಲದಲ್ಲಿರುತ್ತದೆ.