ಮೂರನೇ ಕಾಲು

ಐವತ್ತೆಂಟಕ್ಕೆ ಬಲಗೈ ಸಣ್ಣಗೆ ನಡುಗತೊಡಗಿತು,
ಟೀ ಲೋಟದಲ್ಲಿ ಮೊದಲು, ಆಮೇಲೆ
ಮದುವೆ ಆಲ್ಬಮ್ಮಿನಲ್ಲಿ.
ಮದುಮಗಳ ಮೂಗುತಿಗೆ ಎರಡೆರಡು ಹರಳು ಬಂದವು.
ದುಡ್ಡು ಕೊಟ್ಟವರು ಸುಮ್ಮನಿದ್ದರು. ನನಗೆ ಇರಲಾಗಲಿಲ್ಲ.

ಚಿಂತಾಮಣಿಯ ಅಂಗಡಿಯಲ್ಲಿ ಜಬೀವುಲ್ಲಾ
ಕೋಲುಗಳನ್ನು ಕಬ್ಬಿನಂತೆ ಗೋಡೆಗೆ ಒರಗಿಸಿಟ್ಟಿದ್ದ.
ಇದು ಕಾರ್ಬನ್, ಹಗುರ, ಬೆಲೆ ಮಾತ್ರ ಕೇಳಬೇಡಿ.
ಇದು ಅಲ್ಯುಮಿನಿಯಂ, ಚಳಿಯ ಬೆಳಗ್ಗೆ ಅಂಗೈ ಕೊರೆಯುತ್ತದೆ.
ಇದಕ್ಕೆ ಬುಡದಲ್ಲಿ ಕೋಳಿಯ ಹಾಗೆ ಮೂರು ಬೆರಳು,
ತಾನೇ ನಿಲ್ಲುತ್ತದೆ ಅಂತಾರೆ, ನಂಬಬೇಡಿ ಸಾರ್.

ಐದು ತುಂಡಿನದು ಚೀಲಕ್ಕೆ ಚೆಂದ,
ಕೊನೆಯ ತುಂಡು ಕಿರುಬೆರಳಷ್ಟು; ಭಾರ ಬಿದ್ದರೆ ಬಳುಕುತ್ತದೆ.
ನಾಲ್ಕರದನ್ನು ಪೂರ್ತಿ ಎಳೆದು ನಿಲ್ಲಿಸಿದೆ,
ಕಣ್ಣಿನ ಮಟ್ಟಕ್ಕೆ ಬಂತು.
ಬಗ್ಗಿ ನೋಡಿಸುವ ಕೋಲು ಸೊಂಟದ ಮೇಲಿನ ಸಾಲ.
ತಿರುಪು ಬೇಡ, ಚಿಮ್ಮುವ ಚಿಲಕ ಇರಲಿ ಎಂದೆ:
ನಡುಗುವ ಕೈಗೆ ಟಪ್ಪೆಂಬ ಸದ್ದೇ ಸಾಕ್ಷಿ.

"ಟ್ರೈಪಾಡೇ ಒಯ್ಯಿರಿ, ಮೂರು ಕಾಲು, ಯೋಚನೆಯೇ ಇಲ್ಲ"
ಅಂದ. ಶಿಡ್ಲಘಟ್ಟದ ರೀಲಿಂಗ್ ಶೆಡ್ಡಿನೊಳಗೆ
ಅವನು ಕಾಲಿಟ್ಟವನಲ್ಲ.
ಅಲ್ಲಿ ಒಲೆಗೂ ಬಾನಿಗೂ ನಡುವೆ
ಇರುವುದೇ ಒಂದು ಕಾಲಿನ ಜಾಗ.

ತಿಂಗಳಿಡೀ ತಾರಸಿಯಲ್ಲಿ ಅಭ್ಯಾಸ,
ಪಕ್ಕದ ಮನೆಯವರು ಒಣಹಾಕಿದ ಚಂದ್ರಿಕೆಗಳ ನಡುವೆ.
ನೆಟ್ಟಗೆ ಊರಿದರೆ ಹಿಂದೆ ಮುಂದೆ ತೂಗುತ್ತದೆ.
ಅದನ್ನು ಒಂದು ಮೊಳ ಮುಂದೆ ಊರಿ
ನನ್ನೆರಡು ಕಾಲು ಹಿಂದೆ ಅಗಲಿಸಿ
ಅದರ ಮೇಲೆ ಸ್ವಲ್ಪ ಬೀಳಬೇಕು,
ನಂಬಿದೆನೆಂದು ಅದಕ್ಕೆ ಗೊತ್ತಾಗುವಷ್ಟು.
ಎಡಗೈ ಮೇಲಿಂದ ಒತ್ತಬೇಕು. ಮೊಣಕೈ ಪಕ್ಕೆಗೆ.
ಉಸಿರು ಅರ್ಧ ಬಿಟ್ಟು, ಉಳಿದರ್ಧದಲ್ಲಿ ಬೆರಳು.
ಕೈಬಿಟ್ಟರೆ ಅದು ಬೀಳುತ್ತದೆ.
ಅದಿಲ್ಲದಿದ್ದರೆ ನಾನೂ ಅಷ್ಟೇ ಅನ್ನಿ.
ಅಲಮೇಲು ಬಟ್ಟೆ ಒಣಹಾಕಲು ಬಂದವಳು ನೋಡಿದಳು:
"ಎರಡೇ ಕಾಲಿದ್ದಾಗ ಇಷ್ಟು ನೆಟ್ಟಗೆ ನಿಂತದ್ದು ಕಾಣೆ."

ಶೆಡ್ಡಿನಲ್ಲಿ ಜೈತೂನ್‌ಬಿ. ಕುದಿವ ನೀರಲ್ಲಿ ಗೂಡುಗಳು,
ಬೆರಳ ತುದಿಗಳೂ ಬೆಂದು ಬಿಳಿಚಿ ಗೂಡಿನದೇ ಬಣ್ಣ.
ಎಂಟು ಎಳೆ ಹುಡುಕಿ ಒಂದು ಮಾಡುತ್ತಾಳೆ,
ಹರಿದದ್ದನ್ನು ಮಾತಾಡುತ್ತಲೇ ಅಂಟಿಸುತ್ತಾಳೆ.
ಅವಳ ಕೈ ನಡುಗುವುದಿಲ್ಲ.
ಎಳೆ ತಪ್ಪಿ ಅವಳು ತಡೆದ ಗಳಿಗೆ ನೋಡಿ ಒತ್ತಿದೆ:
ಸೆಕೆಂಡಿನ ಎಂಟನೇ ಒಂದು ಪಾಲು.
ರಾಟೆ ಕರಗಿ ಹೊಗೆಯಾಯಿತು,
ಉಗುರಿನ ಬಿರುಕು ಬಿರುಕಾಗಿಯೇ ಉಳಿಯಿತು.

ನಾಲ್ಕನೆಯದಕ್ಕೋ ಐದನೆಯದಕ್ಕೋ ಲೆನ್ಸಿಗೆ ಹಬೆ ಕೂತಿತು.
ಒರೆಸಿದೆ. ಕೂತಿತು.
"ಅಣ್ಣಾ, ಆ ಕೋಲು ಕೊಡಿ ಇಲ್ಲಿ."
ಕೇಳಿದ್ದಲ್ಲ ಅದು, ಆಗಲೇ ಕೈ ಚಾಚಿದ್ದಳು.
ಕ್ಯಾಮೆರಾ ಬಿಚ್ಚಿಕೊಂಡೆ.
ಟಪ್, ಟಪ್, ಟಪ್,
ತಲೆಯ ಮೇಲಿನ ತಗಡಿನ ಕಿಟಕಿ ಎತ್ತಿ ಆನಿಸಿಬಿಟ್ಟಳು.
ಮೊದಲಿದ್ದ ಊರುಗೋಲನ್ನು ಮೊನ್ನೆ
ಒಲೆಗೆ ಹಾಕಿದರಂತೆ, ಸೌದೆ ಸಾಲದೆ.

ಬೆಳಕು ದಡಕ್ಕನೆ ಬಿತ್ತು.
ಹಬೆ ದಾರಿ ಗೊತ್ತಿದ್ದ ಹಾಗೆ ಎದ್ದು ಹೋಯಿತು.
ಇಷ್ಟು ಬೆಳಕಿಗೆ ಕೋಲು ಯಾಕೆ?
ಎಡಗೈ ಮಾತ್ರ ಗಾಳಿಯಲ್ಲಿ ಅದನ್ನೇ ಒತ್ತುತ್ತಿತ್ತು,
ಮೊಣಕೈ ತಾನಾಗಿ ಪಕ್ಕೆಗೆ ಬಂತು,
ಅರ್ಧ ಉಸಿರು.

ಆ ಚಿತ್ರ ಈಗ ಸ್ಟುಡಿಯೋ ಗಾಜಿನ ಹಿಂದಿದೆ.
ಬಂದವರು ಅವಳ ಕೈ ನೋಡುತ್ತಾರೆ.
ಎಡತುದಿಯ ಕಪ್ಪು ಗೆರೆ ಏನೆಂದು
ಪಾಸ್‌ಪೋರ್ಟ್ ಫೋಟೋಗೆ ಬಂದ ಹುಡುಗನೊಬ್ಬ ಕೇಳಿದ.
ಅದಾ, ನನ್ನ ಕಾಲು ಅಂದೆ.

ವಾಪಸು ಕೇಳೋಣವೆಂದು ಮರುವಾರ ಹೋಗಿದ್ದೆ.
ಕಿಟಕಿ ತೆರೆದೇ ಇತ್ತು.
ಟೀ ಕುಡಿದು ಎದ್ದು ಬಂದೆ, ಬಸ್‌ಸ್ಟ್ಯಾಂಡಿನಿಂದ
ಜಬೀವುಲ್ಲಾನಿಗೆ ಫೋನು ಹಚ್ಚಿದೆ:
ಆ ಕಾರ್ಬನ್ನಿಂದು, ಎಷ್ಟು ಅಂದಿರಿ?